ಜೊಲ್ಲು ಸುರಿಸುವ ಹಸುವಿನ ಬಾಯಿಗೆ ಕೈ ಹಾಕುವ ಮುನ್ನ

ಕೇಳುಗರೇ, ನಮಸ್ಕಾರ.

ಹಸು ಮೇವು ಮುಟ್ಟುತ್ತಿಲ್ಲ, ಜೊಲ್ಲು ಇಳಿಸುತ್ತಿದೆ, ಗಂಟಲು ಒಡೆದಂತೆ ಕೂಗುತ್ತಿದೆ ಎಂದರೆ ಸಕಲೇಶಪುರ, ಮೂಡಿಗೆರೆ ಕಡೆಯ ಕೊಟ್ಟಿಗೆಗಳಲ್ಲಿ ಮೊದಲು ಬರುವ ಮಾತು, 'ಗಂಟಲಿಗೆ ಏನೋ ಸಿಕ್ಕಿಕೊಂಡಿದೆ'. ಒಬ್ಬರು ಬಾಯಿ ಅಗಲಿಸುತ್ತಾರೆ, ಇನ್ನೊಬ್ಬರು ಮೊಳಕೈವರೆಗೆ ಕೈ ಇಳಿಸುತ್ತಾರೆ. ಏನೂ ಸಿಗುವುದಿಲ್ಲ. ರೇಬೀಸ್, ಅಂದರೆ ಹುಚ್ಚುನಾಯಿ ರೋಗ, ಬಂದ ದನಕ್ಕೆ ಗಂಟಲು ಸೋತು ನುಂಗಲಾಗುವುದಿಲ್ಲ. ಆ ಜೊಲ್ಲಿನಲ್ಲೇ ವೈರಾಣು ಇರುತ್ತದೆ. ಕಾಫಿ ಗಿಡ ಸವರಿ ಗೀರಿದ ಕೈಯಾದರೆ ಅದು ಕಚ್ಚಿದಷ್ಟೇ ಅಪಾಯ.

ಕೈ ಹಾಕಿಯಾಗಿದ್ದರೂ, ನಾಯಿ ಕಚ್ಚಿದ್ದರೂ, ಮೊದಲ ಕೆಲಸ ಒಂದೇ: ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ವೈರಾಣುವಿನ ಮೇಲೆ ಕೊಬ್ಬಿನ ಪೊರೆಯಿದೆ, ಸೋಪು ಅದನ್ನು ಕರಗಿಸುತ್ತದೆ. ಸುಣ್ಣ, ಖಾರದಪುಡಿ, ಕಾಫಿಪುಡಿ ಮೆತ್ತಿದರೆ ಗಾಯ ಕೆರಳುತ್ತದೆ, ಅಷ್ಟೇ.

ರಕ್ತ ಬಂದ ಗಾಯಕ್ಕೆ, ಜೊಲ್ಲು ತಾಗಿದ ಗೀರಿಗೆ ಲಸಿಕೆಯೊಂದೇ ಸಾಲದು. ಲಸಿಕೆಯಿಂದ ದೇಹದಲ್ಲಿ ಪ್ರತಿಕಾಯ ಹುಟ್ಟಲು ವಾರ, ಹತ್ತು ದಿನ ಬೇಕು. ಆ ನಡುವಿನ ಕಾವಲಿಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯದ ಮದ್ದನ್ನು, ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ಲಸಿಕೆಯ ಮೊದಲ ಡೋಸ್ ಆಗಿ 7 ದಿನ ಕಳೆದರೆ ಅದನ್ನು ಕೊಡುವುದಿಲ್ಲ. ಚರ್ಮದೊಳಗೆ ಕೊಡುವ ಲಸಿಕೆಯ ದಿನಗಳು 0, 3, 7, 28. ಸೊನ್ನೆ ಎಂದರೆ ಮೊದಲ ಚುಚ್ಚುಮದ್ದಿನ ದಿನ, ಕಚ್ಚಿದ ದಿನವಲ್ಲ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಎಂದು ಹೆದರಿ ಮನೆಯಲ್ಲಿ ಕೂರುವವರು ಇನ್ನೂ ಇದ್ದಾರೆ. ಆ ಲಸಿಕೆ ಈಗ ಇಲ್ಲವೇ ಇಲ್ಲ.

ಕಚ್ಚಿದ ನಾಯಿಯನ್ನು ಹೊಡೆದು ಹಳ್ಳಕ್ಕೆಸೆಯುವುದು ದೊಡ್ಡ ತಪ್ಪು. ಕಟ್ಟಿ ಹಾಕಲು ಸಾಧ್ಯವಾದರೆ 10 ದಿನ ನೋಡಿ. ಆರೋಗ್ಯವಾಗಿಯೇ ಉಳಿದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲ ಎಂದರ್ಥ. ಈ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ. ಅಲ್ಲಿಯವರೆಗೆ ಲಸಿಕೆ ತಡಮಾಡಬೇಡಿ. ಸತ್ತರೆ ಮಿದುಳಿನ ಪರೀಕ್ಷೆಯಿಂದಲೇ ರೋಗ ಖಚಿತವಾಗುವುದು, ಹಾಗಾಗಿ ಪಶು ಆಸ್ಪತ್ರೆಗೆ ತಿಳಿಸಿ. ತಲೆ ನೀವು ಕಡಿಯಬೇಡಿ.

ಊರಿನ ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆ. ಆದರೆ ಮರಿಗಳು ಹುಟ್ಟುತ್ತಲೇ ಇರುತ್ತವೆ, ಆದ್ದರಿಂದ ವರ್ಷವರ್ಷವೂ ಹಾಕಬೇಕು. ತೋಟದ ಕೂಲಿಕಾರರ ಲೈನ್ ಮನೆಗಳ ನಾಯಿಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ಶಿಬಿರದ ದಿನ ಮೊದಲು ಅಲ್ಲಿಗೇ ಹೋಗಬೇಕು.

ಇನ್ನು ಹಸು ನೋಡಲು ಬಂದ ಪಶುವೈದ್ಯರು ಬಾಯಿಗೆ ಕೈ ಹಾಕಿದವರ ಹೆಸರು ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಲಿ. ಆರೋಗ್ಯ ಕೇಂದ್ರದ ನರ್ಸ್, ಕಚ್ಚಿದ ನಾಯಿ ಯಾವ ಬೀದಿಯದು, ಇನ್ಯಾವ ದನಕ್ಕೆ ಬಾಯಿ ಹಾಕಿತು ಎಂದು ಕೇಳಿ ಪಶು ಆಸ್ಪತ್ರೆಗೆ ಫೋನ್ ಮಾಡಲಿ. ಅವರು ಕೇಳದಿದ್ದರೆ ನೀವೇ ಹೇಳಿ.