ಅವರೆಕಾಯಿ ಸುಲಿಯುತ್ತಾ ಒಂದಿಷ್ಟು ಸಿನಿಮಾ ಮಾತು

ನಮಸ್ಕಾರ. ಭಾನುವಾರ ಬೆಳಗ್ಗೆ ಎಂಟು ಗಂಟೆ, ಮೈಸೂರಿನಲ್ಲಿ ಇನ್ನೂ ಮಂಜು ಕರಗಿಲ್ಲ. ನೀವು ನೋಡುತ್ತಿರುವ ಈ ರಾಶಿ ಮೂರು ಕಿಲೋ ಅವರೆಕಾಯಿ. ನಿನ್ನೆ ಸಂಜೆ ದೇವರಾಜ ಮಾರುಕಟ್ಟೆಯಿಂದ ತಂದದ್ದು. ಹಸಿರು ಬಳೆಯ ಕೈ ಅತ್ತೆಯವರದು, ಇನ್ನೊಂದು ಜೋಡಿ ಕೈ ನನ್ನದು. ಇಷ್ಟನ್ನೂ ಸುಲಿದು, ಕಾಳು ನೆನೆಹಾಕಿ, ಸಂಜೆ ಹಿತಕಿ ಸಾರು ಮಾಡಬೇಕು. ಸುಲಿಯುವಷ್ಟು ಹೊತ್ತು ಕೈಗೆ ಕೆಲಸ, ಬಾಯಿಗೆ ಬಿಡುವು. ಹಾಗಾಗಿ ಈಚೆಗೆ ನೋಡಿದ ಸಿನಿಮಾಗಳ ಬಗ್ಗೆ ಮಾತಾಡೋಣ ಎಂದುಕೊಂಡೆ. ನಾನು ನಕ್ಷತ್ರ ಕೊಡುವುದಿಲ್ಲ, ಅಂಕ ಹಾಕುವುದಿಲ್ಲ. ನೋಡಿ ಎದ್ದ ಮೇಲೂ ಮನಸ್ಸಿನಲ್ಲಿ ಉಳಿದದ್ದನ್ನು ಹೇಳುತ್ತೇನೆ, ಅಷ್ಟೇ.

ಮೊದಲು 'ಶಿವಮ್ಮ ಯರೇಹಂಚಿನಾಳ'. ಜೈಶಂಕರ್ ಆರ್ಯರ್ ಅವರ ಮೊದಲ ಸಿನಿಮಾ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು, ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2024ರ ಜೂನ್‌ನಲ್ಲಿ. ಆಗ ನೋಡಲು ಆಗಲಿಲ್ಲ. ಈ ಸಲ ದೀಪಾವಳಿಗೆ ತವರಿಗೆ ಹೋದಾಗ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಊರು. ನಮ್ಮೂರು ಕೂಡ ಅದೇ ಜಿಲ್ಲೆಯ, ಅದೇ ಕರಿಮಣ್ಣಿನ ಸೀಮೆಯದು. ಹೆಸರು ಕೇಳಿದೊಡನೆ ಅವ್ವ ಕನ್ನಡಕ ಹುಡುಕಿ ಹಾಕಿಕೊಂಡು ಬಂದಳು.

ಕತೆ ಸರಳ. ಶಿವಮ್ಮನಿಗೆ 46 ವರ್ಷ. ಸರಕಾರಿ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳ ಮದುವೆ ಆಗಬೇಕಿದೆ. ಇದರ ನಡುವೆ ಆಕೆ ಒಂದು ಪೌಷ್ಟಿಕ ಪುಡಿಯ ಸರಪಳಿ ವ್ಯಾಪಾರಕ್ಕೆ ಸೇರಿ, ಇದ್ದಬದ್ದ ದುಡ್ಡನ್ನೆಲ್ಲ ಅದಕ್ಕೆ ಸುರಿಯುತ್ತಾಳೆ. ಪುಡಿ ಕುಡಿಸಿದರೆ ಗಂಡ ಎದ್ದು ನಡೆದಾನು ಎಂಬ ನಂಬಿಕೆ ಒಂದು ಕಡೆ, ಊರಿನವರಿಗೆಲ್ಲ ಮಾರಿ ಸಾಲ ತೀರಿಸಿಯೇನು ಎಂಬ ಹಟ ಇನ್ನೊಂದು ಕಡೆ. ಶಿವಮ್ಮನ ಪಾತ್ರ ಮಾಡಿದ ಶರಣಮ್ಮ ಚಟ್ಟಿ ಅವರು ಹಿಂದೆ ಎಂದೂ ಸಿನಿಮಾದಲ್ಲಿ ನಟಿಸಿದವರಲ್ಲ. ಆಕೆ ಬಾಗಿಲಲ್ಲಿ ನಿಂತು ಮಾತಿಗೆ ಎಳೆಯುವ ರೀತಿ, ಒಲ್ಲೆ ಎಂದವರ ಮನೆಗೆ ಮತ್ತೆ ಹೋಗುವ ರೀತಿ, ಬೈಸಿಕೊಂಡರೂ ಮುಖ ಬಾಡಿಸದ ರೀತಿ ನಮಗೆ ಗೊತ್ತಿರುವ ಯಾರೋ ಒಬ್ಬರನ್ನು ಕಂಡಂತೆಯೇ ಇತ್ತು.

ನಮಗೆ ಗೊತ್ತಿದ್ದವಳು ನನ್ನ ಚಿಕ್ಕವ್ವ. ಹಲವು ವರ್ಷಗಳ ಹಿಂದೆ ಚಿಕ್ಕವ್ವ ಇಂಥದೇ ಒಂದು ಕಂಪನಿಗೆ ಸೇರಿದ್ದಳು. ನಿನ್ನ ಕೆಳಗೆ ಮೂವರು, ಆ ಮೂವರ ಕೆಳಗೆ ಒಂಬತ್ತು ಮಂದಿ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತೋರಿಸುತ್ತಿದ್ದಳು. ತಂಗಿ ಕೇಳಿದಳೆಂದು ಅವ್ವ ನಾಲ್ಕು ಡಬ್ಬಿ ಕೊಂಡಳು. ಆಮೇಲೆ ಕಂಪನಿಯೂ ಇಲ್ಲ, ದುಡ್ಡೂ ಇಲ್ಲ. ಅಕ್ಕತಂಗಿಯರ ನಡುವೆ ಎರಡು ವರ್ಷ ಮಾತಿರಲಿಲ್ಲ.

ಸಿನಿಮಾದ ಅರ್ಧಕ್ಕೆ ಅವ್ವ ಎದ್ದು ಒಳಗೆ ಹೋದಳು. ನೀರು ಕುಡಿಯಲು ಹೋಗಿರಬೇಕು ಎಂದು ನಿಲ್ಲಿಸಿ ಕಾದೆ. ಬಂದಾಗ ಕೈಯಲ್ಲಿ ಒಂದು ಡಬ್ಬಿ ಇತ್ತು. ನೀಲಿ ಮುಚ್ಚಳ, ಮೈಮೇಲೆ ಒಂದು ಬೆಟ್ಟದ ಚಿತ್ರ, ಕೈ ತಾಗಿ ತಾಗಿ ಬೆಟ್ಟದ ಅರ್ಧ ಅಳಿಸಿಹೋಗಿದೆ. ಅದರಲ್ಲಿ ಈಗ ಗುರೆಳ್ಳು ಹಿಂಡಿ ಇರುತ್ತದೆ. ನಾನು ಹುಡುಗಿಯಾಗಿದ್ದಾಗಿನಿಂದ ರೊಟ್ಟಿಯ ಜೊತೆ ಆ ಡಬ್ಬಿಯಿಂದಲೇ ಹಿಂಡಿ ತಿಂದಿದ್ದೇನೆ. ಅದು ಎಲ್ಲಿಂದ ಬಂದ ಡಬ್ಬಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಉಳಿದ ಸಿನಿಮಾ ನೋಡಿದಳು. ಮುಗಿದ ಮೇಲೆ ಚಿಕ್ಕವ್ವನಿಗೆ ಫೋನ್ ಮಾಡಿದಳು. ಸಿನಿಮಾದ ಮಾತೇ ಎತ್ತಲಿಲ್ಲ. ಹಬ್ಬಕ್ಕೆ ಹೋಳಿಗೆ ಮಾಡಿದೆಯಾ, ಮೊಣಕಾಲು ನೋವು ಹೇಗಿದೆ ಎಂದು ಕೇಳಿದಳು.

ಕೊನೆಯಲ್ಲಿ ಏನಾಗುತ್ತದೆ ಎಂದು ಹೇಳುವುದಿಲ್ಲ, ನೀವೇ ನೋಡಿ. ಆದರೆ ಈ ಸಿನಿಮಾ ಶಿವಮ್ಮನನ್ನು ಪಾಪದವಳು ಎಂದು ತೋರಿಸುವುದಿಲ್ಲ, ದಡ್ಡಿ ಎಂದೂ ತೋರಿಸುವುದಿಲ್ಲ. ಆಕೆ ಮೋಸಹೋಗುತ್ತಾಳೆ, ತಾನೂ ಸುಳ್ಳು ಹೇಳುತ್ತಾಳೆ. ಅದು ನನಗೆ ಬಹಳ ಹಿಡಿಸಿತು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ದೊಡ್ಡದು. ನಾನು ಬೆಳೆಯುವಾಗ ಸಿನಿಮಾದಲ್ಲಿ ನಮ್ಮ ಕಡೆಯ ಮಾತು ಕೇಳಿದರೆ ಅದು ನಗಿಸುವವರ ಬಾಯಲ್ಲಿ ಇರುತ್ತಿತ್ತು. ನಾಯಕ ಮೈಸೂರು, ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದ. ನಾಯಕಿ ಅತ್ತರೂ ಅದರಲ್ಲೇ ಅಳುತ್ತಿದ್ದಳು. 'ಯವ್ವಾ' ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಚಿತ್ರಮಂದಿರದಲ್ಲಿ ನಗು. ಮದುವೆಯಾಗಿ ಮೈಸೂರಿಗೆ ಬಂದ ಹೊಸದರಲ್ಲಿ ಅಂಗಡಿಗೆ ಹೋದಾಗ ನಾನು ಒಂದೊಂದು ಪದವನ್ನೂ ಮನಸ್ಸಿನಲ್ಲಿ ಬದಲಿಸಿಕೊಂಡು ಮಾತಾಡಿದ್ದೇನೆ. ಶಿವಮ್ಮ ಸಾಲ ಕೇಳುವುದು, ಜಗಳ ಆಡುವುದು, ಮಗಳನ್ನು ಸಮಾಧಾನ ಮಾಡುವುದು, ಎಲ್ಲವೂ ನಮ್ಮ ಮಾತಿನಲ್ಲೇ. ಅದರಲ್ಲಿ ಹಟವಿದೆ, ಲೆಕ್ಕಾಚಾರವಿದೆ, ಸಂಕಟವಿದೆ. ಒಂದು ಇಡೀ ಬದುಕು ಹಿಡಿಯುವಷ್ಟು ಜಾಗ ಆ ಮಾತಿಗೆ ಇದೆ ಎಂದು ತೆರೆಯ ಮೇಲೆ ಕಂಡಾಗ ನನ್ನ ಕಣ್ಣು ತುಂಬಿತು.

ಇಂಥ ಸಿನಿಮಾಗಳ ಬಗ್ಗೆ ಬರೆಯುವವರು 'ಗ್ರಾಮೀಣ ಸೊಗಡಿನ ಭಾಷೆ' ಎಂದು ಬರೆಯುತ್ತಾರೆ. ಸೊಗಡು ಎಂದರೆ ಏನು? ಇಗೋ, ಕ್ಯಾಮೆರಾ ಹತ್ತಿರ ತರುತ್ತೇನೆ. ನನ್ನ ಬೆರಳ ತುದಿ ನೋಡಿ. ಈ ಅಂಟು, ಈ ವಾಸನೆಯೇ ಸೊಗಡು. ಸಾಬೂನು ಹಾಕಿ ಎರಡು ಸಲ ತೊಳೆದರೂ ಹೋಗುವುದಿಲ್ಲ. ಕಾಯಿ ಕೊಳ್ಳುವಾಗ ಅತ್ತೆಯವರು ಮೊದಲು ಮೂಗಿಗೆ ಹಿಡಿದು ನೋಡುವುದು ಇದನ್ನೇ. ಸೊಗಡಿಲ್ಲದ ಅವರೆಯನ್ನು ಅವರು ಮನೆಯ ಒಳಗೇ ತರುವುದಿಲ್ಲ. ಅದು ಮೇಲಿಂದ ಉದುರಿಸಿದ ಮಸಾಲೆಯಲ್ಲ. ಮಾತಿನ ಸೊಗಡೂ ಹಾಗೆಯೇ ಎಂದು ನನಗೆ ಅನಿಸುತ್ತದೆ. ಅದನ್ನು ತೆಗೆದು ಪಕ್ಕಕ್ಕಿಟ್ಟರೆ ಶಿವಮ್ಮನೇ ಉಳಿಯುವುದಿಲ್ಲ.

ಊರಿಂದ ಬಂದ ಮೇಲೆ ಇದೇ ಗುಂಗಿನಲ್ಲಿ 'ತಿಥಿ'ಯನ್ನು ಮತ್ತೆ ನೋಡಿದೆ, ಈ ಸಲ ಅತ್ತೆಯವರ ಜೊತೆ. ಅವರ ತವರು ಮಂಡ್ಯ ಜಿಲ್ಲೆ, ಸಿನಿಮಾ ನಡೆಯುವುದೂ ಮಂಡ್ಯದ ನೊದೆಕೊಪ್ಪಲಿನಲ್ಲಿ. ರಾಮ್ ರೆಡ್ಡಿ ನಿರ್ದೇಶನ. ಕತೆ ಹೆಣೆಯುವುದರಲ್ಲಿ ಜೊತೆಯಾದ ಈರೇಗೌಡರು ಆ ಊರಿನವರೇ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಗೆದ್ದು, 2016ರ ಮೇ ತಿಂಗಳಲ್ಲಿ ಇಲ್ಲಿ ಬಿಡುಗಡೆಯಾಯಿತು. ಆಗ ನೋಡಿದಾಗ ನಾನು ನಕ್ಕದ್ದೇ ಹೆಚ್ಚು. 101 ವರ್ಷದ ಸೆಂಚುರಿಗೌಡ ಬೀದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಬೈಯುವುದು, ಎದ್ದವನು ಹಾಗೇ ಕುಸಿದು ಸಾಯುವುದು, ಆಮೇಲೆ ಹನ್ನೊಂದು ದಿನ ತಿಥಿಯ ಓಡಾಟ.

ಈ ಸಲ ಕಣ್ಣು ಹೋದದ್ದು ಸೆಂಚುರಿಗೌಡನ ಮೊಮ್ಮಗ ತಮ್ಮಣ್ಣನ ಮೇಲೆ. ಅಜ್ಜನ ಐದು ಎಕರೆ ಜಮೀನು ಮಾರಬೇಕು. ಅದು ಅಪ್ಪ ಗಡ್ಡಪ್ಪನಿಗೆ ಸೇರಬೇಕಾದದ್ದು. ಗಡ್ಡಪ್ಪನಿಗೆ ಜಮೀನೂ ಬೇಡ, ತಿಥಿಯೂ ಬೇಡ, ತನ್ನ ಪಾಡಿಗೆ ಅಲೆಯುತ್ತಾ ಇರುತ್ತಾನೆ. ಬದುಕಿರುವ ಅಪ್ಪ ಸತ್ತಿದ್ದಾನೆ ಎಂದು ಕಾಗದ ಮಾಡಿಸಲು ಮಗ ಹೊರಡುತ್ತಾನೆ. ನನಗೆ ನಗು ಬಂದ ಕಡೆ ಅತ್ತೆಯವರು ನಗಲಿಲ್ಲ. ಖಾತೆ ಬದಲಾವಣೆಗೆ ಅವರ ಅಣ್ಣ ತಾಲ್ಲೂಕು ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದನ್ನು ಅವರು ಕಂಡಿದ್ದಾರೆ. ಆದರೆ ಗಡ್ಡಪ್ಪ ಕುರಿ ಕಾಯುವವರ ಮುಂದೆ ಕುಳಿತು ತನ್ನ ಹಳೆಯ ಕತೆ ಹೇಳುವಾಗ ಅವರು ಒಂದು ಮಾತು ಹೇಳಿದರು: ನಮ್ಮಪ್ಪನೂ ಹೀಗೆಯೇ, ದುಃಖದ ಮಾತನ್ನು ಯಾವುದೋ ಲೆಕ್ಕ ಒಪ್ಪಿಸಿದ ಹಾಗೆ ಹೇಳಿಬಿಡುತ್ತಿದ್ದರು. ಆ ದೃಶ್ಯದಲ್ಲಿ ಪಿಟೀಲು ಇಲ್ಲ, ಕೊಳಲು ಇಲ್ಲ. ಇಡೀ ಸಿನಿಮಾದಲ್ಲೇ ಹಿನ್ನೆಲೆ ಸಂಗೀತವಿಲ್ಲ. ಹಾಗಾಗಿ ಆ ಮುದುಕನ ದನಿಯ ಏರಿಳಿತವೇ ಸಂಗೀತದ ಕೆಲಸವನ್ನೂ ಮಾಡುತ್ತದೆ. ನಟನೆಯನ್ನು ವೃತ್ತಿ ಮಾಡಿಕೊಂಡವರು ಇದನ್ನು ಇನ್ನೂ ಚೆನ್ನಾಗಿ ಮಾಡುತ್ತಿದ್ದರೇ? ಇಲ್ಲ ಎಂದೇ ನನ್ನ ನಂಬಿಕೆ.

ಒಂದು ನಿಮಿಷ, ಸಿಪ್ಪೆಯ ಬುಟ್ಟಿ ತುಂಬಿತು. ಕೆಳಗಿನ ಮನೆಯವರ ಹಸುವಿಗೆ ಕೊಟ್ಟು ಬರುತ್ತೇನೆ.

ಹೂಂ, ಈಗ ಕರಾವಳಿಗೆ ಹೋಗೋಣ. 2025ರಲ್ಲಿ ಎಲ್ಲರ ಬಾಯಲ್ಲೂ ಇದ್ದ 'ಸು ಫ್ರಮ್ ಸೋ'. ನಾವು ಮನೆಮಂದಿಯೆಲ್ಲ ಚಿತ್ರಮಂದಿರಕ್ಕೆ ಹೋಗಿ ನೋಡಿದ್ದೆವು, ಈಚೆಗೆ ಮನೆಯಲ್ಲಿ ಇನ್ನೊಮ್ಮೆ ನೋಡಿದೆವು. ಜೆ.ಪಿ. ತೂಮಿನಾಡು ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದ್ದಾರೆ. ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬವಳ ದೆವ್ವ ಬಂದಿದೆ ಎಂದು ಊರಿಗೆ ಊರೇ ನಂಬುತ್ತದೆ. ಮೊದಲರ್ಧದಲ್ಲಿ ಎರಡನೆಯ ಸಲವೂ ಅಷ್ಟೇ ನಕ್ಕೆವು. ಇಲ್ಲಿ ನಗು ಬರುವುದು ಆ ಊರಿನವರ ಮಾತು ವಿಚಿತ್ರವೆಂದಲ್ಲ. ಅವರು ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲವರು, ಯಾರು ಯಾವಾಗ ಹೆದರುತ್ತಾರೆ, ಯಾರು ಯಾರ ಮಾತು ಕೇಳುತ್ತಾರೆ ಎಂಬುದೆಲ್ಲ ಗೊತ್ತಿರುವವರು. 'ಮಾರಾಯ' ಎಂಬ ಒಂದೇ ಪದ ಬೇಡಿಕೆಯಾಗಿಯೂ ಬರುತ್ತದೆ, ಬೈಗುಳವಾಗಿಯೂ ಬರುತ್ತದೆ. ಭಾನು ಎಂಬ ಹುಡುಗಿ ಬಂದ ಮೇಲೆ ಕತೆ ಬೇರೆ ದಾರಿ ಹಿಡಿಯುತ್ತದೆ. ಆ ಭಾಗವನ್ನು ಸ್ವಲ್ಪ ಅವಸರದಲ್ಲಿ ಮುಗಿಸಿದರು ಎಂಬುದು ನನ್ನ ದೂರು. ಅಷ್ಟೊಂದು ಹೊತ್ತು ನಕ್ಕ ಊರು ಒಬ್ಬ ಹೆಣ್ಣುಮಗಳ ಕಷ್ಟ ಕೇಳಲು ಇನ್ನಷ್ಟು ಹೊತ್ತು ಕೂರಬೇಕಿತ್ತು.

ಅದೇ ಕರಾವಳಿಯ ಇನ್ನೊಂದು ಸಿನಿಮಾ ಸುಮಂತ್ ಭಟ್ ಅವರ 'ಮಿಥ್ಯ'. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ 11 ವರ್ಷದ ಹುಡುಗ ಮುಂಬೈ ಬಿಟ್ಟು ಉಡುಪಿಯ ಕಡೆಯ ಸಂಬಂಧಿಕರ ಮನೆಗೆ ಬರುತ್ತಾನೆ. ಆತಿಶ್ ಶೆಟ್ಟಿ ಎಂಬ ಹುಡುಗನ ಮುಖ ನೋಡಿಯೇ ತಿಳಿಯಬೇಕು. ಹೆಚ್ಚು ಮಾತಿಲ್ಲ. ಪ್ರಕಾಶ್ ತೂಮಿನಾಡು ಇದರಲ್ಲೂ ಇದ್ದಾರೆ, 'ಸು ಫ್ರಮ್ ಸೋ'ದಲ್ಲೂ ಇದ್ದಾರೆ. ಅಲ್ಲಿ ನಗಿಸಿದವರೇ ಇಲ್ಲಿ ಮಗುವಿನ ದುಃಖದ ಹತ್ತಿರ ಹೇಗೆ ಹೋಗುವುದು ಎಂದು ತಿಳಿಯದೆ ನಿಂತ ಮನುಷ್ಯನಾಗಿದ್ದಾರೆ. ಅಂದ ಹಾಗೆ ಜೆ.ಪಿ., ಪ್ರಕಾಶ್ ಇಬ್ಬರ ಹೆಸರಿನಲ್ಲೂ ಇರುವ ತೂಮಿನಾಡು ಎಂಬ ಊರು ಇರುವುದು ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ, ಅಂದರೆ ಕೇರಳದಲ್ಲಿ. ಗಡಿಯ ಆಚೆಯಿಂದ ಕನ್ನಡ ಸಿನಿಮಾಕ್ಕೆ ಇಷ್ಟು ಒಳ್ಳೆಯ ಕಲಾವಿದರು ಬಂದಿದ್ದಾರಲ್ಲ, ಅದು ನನಗೆ ತುಂಬ ಸಂತೋಷದ ವಿಷಯ. 'ಮಿಥ್ಯ'ವನ್ನು ರಾತ್ರಿ ಒಬ್ಬಳೇ ನೋಡಿದೆ. ಅದು ಹಾಗೆ ನೋಡಬೇಕಾದ ಸಿನಿಮಾವೇ.

ಕೊನೆಯದು 16 ನಿಮಿಷದ ಕಿರುಚಿತ್ರ, 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ'. ಮಾಡಿದವರು ನಮ್ಮ ಮೈಸೂರಿನ ಚಿದಾನಂದ ಎಸ್. ನಾಯ್ಕ್, ವೈದ್ಯಕೀಯ ಓದಿ ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದವರು. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಒಬ್ಬ ಅಜ್ಜಿ ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ. ಸೂರ್ಯ ಹುಟ್ಟುವುದೇ ಇಲ್ಲ. ತನ್ನ ಕೋಳಿ ಕೂಗದಿದ್ದರೆ ಬೆಳಗಾಗುವುದಿಲ್ಲ ಎಂದುಕೊಂಡ ಅಜ್ಜಿಯ ಕತೆ ನಮಗೆಲ್ಲ ಗೊತ್ತಲ್ಲ? ನಾವು ಕೇಳಿದ ಕತೆಯಲ್ಲಿ ಅಜ್ಜಿಯ ಜಂಬ ಮುರಿಯುತ್ತದೆ, ಬೆಳಕು ತಾನಾಗಿ ಹರಿಯುತ್ತದೆ. ಇಲ್ಲಿ ಅಜ್ಜಿ ಹೇಳಿದ್ದೇ ನಿಜವಾಗಿ, ಊರು ಕತ್ತಲಲ್ಲೇ ಉಳಿಯುತ್ತದೆ. ಅತ್ತೆಯವರಿಗೆ ಕತೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಆ ಅಜ್ಜಿಯನ್ನು ಊರಿನವರು ಮೊದಲೇ ಸರಿಯಾಗಿ ನೋಡಿಕೊಳ್ಳಬೇಕಿತ್ತು ಎಂದರು.

ಮೂರು ಕಿಲೋ ಕಾಯಿಗೆ ಇಷ್ಟು ಕಾಳು ಬಂದಿದೆ, ನೋಡಿ. ಒಂದು ಪಾತ್ರೆಗೆ ಸ್ವಲ್ಪ ಕಡಿಮೆ. ಈಗ ನೀರು ಹಾಕಿ ಇಡುತ್ತೇನೆ.

ಸಂಕ್ರಾಂತಿಗೆ ಅವ್ವ ಮೈಸೂರಿಗೆ ಬರುತ್ತಿದ್ದಾಳೆ, ಜೊತೆಗೆ ಚಿಕ್ಕವ್ವನೂ. ಚಿಕ್ಕವ್ವನಿಗೆ 'ಶಿವಮ್ಮ' ತೋರಿಸಬೇಕೋ ಬೇಡವೋ ಎಂದು ಅವ್ವನನ್ನು ಫೋನಿನಲ್ಲಿ ಕೇಳಿದೆ. ಮೊದಲು ಬಂದು ಉಣ್ಣಲಿ, ಆಮೇಲೆ ನೋಡೋಣ ಎಂದಿದ್ದಾಳೆ.