ಒಂದೇ ಮನೆ, ಎರಡು ವಿಳಾಸ

ನಮಸ್ಕಾರ. ಇವತ್ತು ಬ್ರಸೆಲ್ಸ್‌ನ ದೊಡ್ಡ ಚೌಕವೂ ಇಲ್ಲ, ವಾಫಲ್ ಅಂಗಡಿಯೂ ಇಲ್ಲ. ಸುಮ್ನೆ ನಮ್ಮ ಏರಿಯಾದಲ್ಲಿ ಒಂದು ಸುತ್ತು. ಬೆಳಿಗ್ಗೆ ಹತ್ತು ಗಂಟೆ. ರಸ್ತೆಯಲ್ಲಿ ಇರುವವರು ನಾನು, ಒಬ್ಬ ಅಜ್ಜ, ಅವರ ನಾಯಿ. ಅಷ್ಟೇ.

ಊರಿನ ಹೆಸರು ಫ್ರೆಂಚ್‌ನಲ್ಲಿ ವಾಟರ್‌ಮಾಲ್-ಬ್ವಾಫೋರ್. ಡಚ್‌ನಲ್ಲಿ ವಾಟರ್‌ಮಾಲ್-ಬೊಸ್‌ಫೋರ್ಡೆ. ಬ್ರಸೆಲ್ಸ್ ಅಂದರೆ ಒಟ್ಟು 19 ಕಮ್ಯೂನ್‌ಗಳು, ನಮ್ಮ ಪುರಸಭೆಗಳ ಥರ. ಅದರಲ್ಲಿ ಇದೂ ಒಂದು. ಎಲ್ಲಾ ಕಡೆ ಎರಡೂ ಭಾಷೆ ಅಧಿಕೃತ.

ಈ ನೀಲಿ ಬೋರ್ಡ್ ನೋಡಿ. ಅವನ್ಯೂ ಡೆಲರ್, ಡೆಲರ್‌ಲಾನ್. ಎರಡೂ ಒಂದೇ ರಸ್ತೆ. ಫ್ರೆಂಚ್‌ನವರು ರಸ್ತೆ ಅನ್ನೋದನ್ನು ಮೊದಲು ಹೇಳಿ ಆಮೇಲೆ ಹೆಸರು ಹೇಳುತ್ತಾರೆ. ಡಚ್‌ನವರು ನಮ್ಮ ಹಾಗೆ, ಹೆಸರು ಮೊದಲು, ರಸ್ತೆ ಕೊನೆಗೆ. ಅಂದಹಾಗೆ, ಟಿನ್‌ಟಿನ್ ಕಾಮಿಕ್ಸ್ ಬರೆದ ಎರ್ಜೆ ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ರಸ್ತೆಯ 17ನೇ ನಂಬರಿನ ಮನೆಯಲ್ಲಿದ್ದರು.

ಇದೆಲ್ಲ ಈಗ ಗೊತ್ತು. ಬಂದ ಹೊಸದರಲ್ಲಿ ಮನೆ ಹುಡುಕುವಾಗ ಎರಡು ಜಾಹೀರಾತು ಇಷ್ಟ ಆಗಿದ್ದವು. ಒಂದು ಫ್ರೆಂಚ್‌ನಲ್ಲಿ, ಒಂದು ಡಚ್‌ನಲ್ಲಿ. ಎರಡನ್ನೂ ನೋಡೋಕೆ ಅರ್ಧ ಗಂಟೆ ಅಂತರದಲ್ಲಿ ಟೈಮ್ ತಗೊಂಡೆ. ಮೊದಲನೆಯದು ನೋಡಿ, ಫೋನ್ ಹಿಡಿದು ಎರಡನೆಯದನ್ನು ಹುಡುಕಿಕೊಂಡು ಹೊರಟೆ. ಇಡೀ ಬ್ಲಾಕ್ ಸುತ್ತಿಸಿ ಮ್ಯಾಪ್ ಅದೇ ಬಾಗಿಲಿಗೆ ತಂದು ನಿಲ್ಲಿಸಿತು. ಓನರ್ ಅಜ್ಜಿ ಬಾಗಿಲು ತೆಗೆದು, ನನ್ನ ಮುಖ ನೋಡಿ, ಏನೂ ಕೇಳದೆ ಕಾಫಿ ಕೊಟ್ಟರು. ಆ ಮನೆಯಲ್ಲೇ ಈಗ ನಾವಿರೋದು.

ಈಗ ನೋಡ್ತಿರೋದು ಫ್ಲೋರೇಆಲ್. ಪಕ್ಕದಲ್ಲೇ ಲೋಜಿ. 1920ರ ದಶಕದಲ್ಲಿ ಸಹಕಾರ ಸಂಘಗಳು ಕಟ್ಟಿದ ಬಡಾವಣೆಗಳು. ಫ್ಲೋರೇಆಲ್ ಸಂಘ ಶುರು ಮಾಡಿದವರು ಒಂದು ಪತ್ರಿಕೆಯ ಅಚ್ಚುಮೊಳೆ ಜೋಡಿಸುವ ಕೆಲಸಗಾರರು. ಯಾವ ಬಡಾವಣೆಯಲ್ಲಿದ್ದೀರಿ ಅಂತ ತಿಳಿಯೋಕೆ ಬೋರ್ಡ್ ಬೇಡ, ಕಿಟಕಿ ನೋಡಿ. ಹಳದಿ ಚೌಕಟ್ಟಾದರೆ ಫ್ಲೋರೇಆಲ್, ಹಸಿರಾದರೆ ಲೋಜಿ. ಏಪ್ರಿಲ್‌ನಲ್ಲಿ ಜಪಾನಿ ಚೆರ್ರಿ ಮರಗಳು ಬಿರಿದು ರಸ್ತೆಗೆ ಗುಲಾಬಿ ಚಪ್ಪರ ಹಾಕುತ್ತವೆ. ಫೋಟೋದಲ್ಲಿ ಅಷ್ಟೇ ಕಾಣುತ್ತೆ. ಕೆಳಗೆ ನೋಡಿ: ಕಸದ ದಿನ ಇವತ್ತು. ಬಿಳಿ ಚೀಲ, ಕಾಗದಕ್ಕೆ ಹಳದಿ, ಪ್ಲಾಸ್ಟಿಕ್‌ಗೆ ನೀಲಿ, ಅಡುಗೆಮನೆ ಕಸಕ್ಕೆ ಕಿತ್ತಳೆ. ಎಲ್ಲದರ ಮೇಲೂ ಒದ್ದೆ ಎಸಳು ಅಂಟಿಕೊಂಡಿದೆ. ನನಗೆ ಇದೇ ಜಾಸ್ತಿ ಇಷ್ಟ.

ಹತ್ತು ನಿಮಿಷ ನಡೆದರೆ ಸೋನಿಯನ್ ಕಾಡು. ಊರಿನ ಡಚ್ ಹೆಸರಿನಲ್ಲಿರುವ ಬೊಸ್ ಅಂದರೆ ಕಾಡು. ನಮ್ಮ ಕಮ್ಯೂನ್‌ನ ಅರ್ಧಕ್ಕಿಂತ ಹೆಚ್ಚು ಜಾಗ ಅದೇ. ನೆಟ್ಟಗೆ ನಿಂತ ಬೀಚ್ ಮರಗಳು. ಸಮುದ್ರದ ಬೀಚ್ ಅಲ್ಲ, ಮರದ ಹೆಸರೇ ಅದು. 2017ರಲ್ಲಿ ಈ ಕಾಡಿನ ಕೆಲವು ಭಾಗ ಯುನೆಸ್ಕೋ ಪಟ್ಟಿ ಸೇರಿತು.

ಬೋರ್ಡ್‌ನಲ್ಲಿ ಎರಡು ಭಾಷೆ ಸಮ ಸಮ. ಬೇಕರಿ ಕ್ಯೂನಲ್ಲಿ ನಿಂತರೆ ಕಿವಿಗೆ ಬೀಳೋದು ಬಹುಪಾಲು ಫ್ರೆಂಚೇ. ಆದರೂ ಕಮ್ಯೂನ್ ಕಚೇರಿಯಲ್ಲಿ ಗುರುತಿನ ಕಾರ್ಡ್ ಮಾಡಿಸುವಾಗ ಯಾವ ಭಾಷೆ ಬೇಕು ಅಂತ ಕೇಳುತ್ತಾರೆ. ನಾನು ಫ್ರೆಂಚ್ ಅಂದೆ. ನನ್ನ ಹೆಂಡತಿ ಆಗ ಡಚ್ ಕ್ಲಾಸಿಗೆ ಹೋಗುತ್ತಿದ್ದಳು, ಅವಳು ಡಚ್ ಅಂದಳು.

ಇವತ್ತು ಡಬ್ಬಿಯಲ್ಲಿ ಎರಡು ಲಕೋಟೆ ಇತ್ತು. ಒಂದೇ ಕಚೇರಿ, ಒಂದೇ ಸೈಜು. ನನ್ನದರ ಮೇಲೆ ಅವನ್ಯೂ, ಅವಳದರ ಮೇಲೆ ಲಾನ್. ನನ್ನದನ್ನು ಒಡೆದು ಓದಿದೆ, ಅರ್ಧ ಅರ್ಥವಾಯಿತು. ಉಳಿದರ್ಧ ಅವಳದರಲ್ಲಿ ಸಿಗಬಹುದು ಅಂತ ಕಾಯುತ್ತಿದ್ದೇನೆ. ಸಂಜೆ ಅವಳು ಬರಲಿ.