ಶೆರಿಫ್ ಕಚೇರಿಯಿಂದ ಪೊಲೀಸ್ ವರದಿ ಪಡೆಯುವುದು ಹೇಗೆ? ಮೊದಲು ಅದು ಯಾರ ದಾಖಲೆ ಎಂದು ನೋಡಿ

ನಮಸ್ಕಾರ. ಕಾರಿನ ಕಿಟಕಿಯಾಚೆ ಈಗ ನೀವು ನೋಡುತ್ತಿರುವುದು ಸ್ಟೀವನ್ಸ್ ಕ್ರೀಕ್ ಬುಲೆವಾರ್ಡ್. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಕ್ಯುಪರ್ಟಿನೊ, ಸಾಂಟಾ ಕ್ಲಾರಾ, ಸ್ಯಾನ್ ಹೊಸೆ, ಹೀಗೆ ಮೂರು ಊರುಗಳನ್ನು ಈ ರಸ್ತೆ ಮುಟ್ಟುತ್ತದೆ. ಊರು ಬದಲಾದದ್ದು ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಇಲ್ಲಿ ಯಾರಾದರೂ ನಿಮ್ಮ ಕಾರಿನ ಗಾಜು ಒಡೆದರೆ, ವರದಿ ಬರೆಯುವ ಪೊಲೀಸರು ಯಾರು ಎಂಬುದು ನೀವು ಕಾರು ನಿಲ್ಲಿಸಿದ ಜಾಗದ ಮೇಲೆ ನಿಂತಿರುತ್ತದೆ. ವರದಿಯ ಪ್ರತಿ ಕೇಳಬೇಕಾದದ್ದೂ ಅವರನ್ನೇ.

ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ವಿಷಯಕ್ಕೆ ಒಂದೇ ಉತ್ತರ ಓಡಾಡುತ್ತಿರುತ್ತದೆ: "ಎಫ್‌ಒಐಎ ಹಾಕಿ, ಬರುತ್ತದೆ." ಬರುವುದಿಲ್ಲ. ಎಫ್‌ಒಐಎ ಎಂದರೆ ಫ್ರೀಡಂ ಆಫ್ ಇನ್ಫರ್ಮೇಷನ್ ಆ್ಯಕ್ಟ್, ಅಮೆರಿಕದ ಮಾಹಿತಿ ಹಕ್ಕು ಕಾನೂನು. 1966ರ ಆ ಕಾನೂನು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಇಲಾಖೆಗಳಿಗೆ ಮಾತ್ರ. ಶೆರಿಫ್ ಕೌಂಟಿಯ ಅಧಿಕಾರಿ, ಅವರಿಗೆ ಅನ್ವಯಿಸುವುದು ಆಯಾ ರಾಜ್ಯದ ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ಅದು 1968ರ ಪಬ್ಲಿಕ್ ರೆಕಾರ್ಡ್ಸ್ ಆ್ಯಕ್ಟ್. 2023ರ ಜನವರಿಯಿಂದ ಅದರ ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ. ಹಾಗಾಗಿ ಎಲ್ಲಿಂದಲೋ ನಕಲು ಮಾಡಿದ ಮಾದರಿ ಅರ್ಜಿಯಲ್ಲಿ 6250 ಎಂಬ ಸೆಕ್ಷನ್ ಕಂಡರೆ ಅದು ಹಳೆಯದೆಂದು ತಿಳಿಯಿರಿ.

ಮೊದಲು ಶೆರಿಫ್ ಯಾರೆಂದು ನೋಡೋಣ. ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆ ಎನ್ನಬಹುದು, ಆದರೆ ಶೆರಿಫ್ ನಮ್ಮ ಎಸ್‌ಪಿ ಅಲ್ಲ. ಎಸ್‌ಪಿಯನ್ನು ಸರ್ಕಾರ ನೇಮಿಸಿ ಕಳುಹಿಸುತ್ತದೆ, ಶೆರಿಫ್ ಚುನಾವಣೆಯಲ್ಲಿ ಗೆದ್ದು ಬರುತ್ತಾರೆ. ಸ್ಯಾನ್ ಹೊಸೆಗೆ ತನ್ನದೇ ಪೊಲೀಸ್ ಇಲಾಖೆ ಇದೆ. ಸನಿವೇಲ್‌ನಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಎರಡೂ ಸೇರಿ ಒಂದೇ ಸಾರ್ವಜನಿಕ ಸುರಕ್ಷತಾ ಇಲಾಖೆ. ಕ್ಯುಪರ್ಟಿನೊ, ಸಾರಟೋಗ, ಲಾಸ್ ಆಲ್ಟೋಸ್ ಹಿಲ್ಸ್ ಈ ಮೂರು ಊರುಗಳು ಮಾತ್ರ ಸ್ವಂತ ಪೊಲೀಸರನ್ನು ಇಟ್ಟುಕೊಳ್ಳದೆ ಸಾಂಟಾ ಕ್ಲಾರಾ ಕೌಂಟಿಯ ಶೆರಿಫ್ ಜೊತೆ ಒಪ್ಪಂದ ಮಾಡಿಕೊಂಡಿವೆ. ಹೋಮ್‌ಸ್ಟೆಡ್ ರಸ್ತೆಯ ಒಂದು ಮಗ್ಗುಲು ಸನಿವೇಲ್, ಇನ್ನೊಂದು ಮಗ್ಗುಲು ಕ್ಯುಪರ್ಟಿನೊ. ರಸ್ತೆ ದಾಟಿದರೆ ಠಾಣೆಯೇ ಬೇರೆ. 85 ಅಥವಾ 280ರ ಹೆದ್ದಾರಿ ಹತ್ತಿದಿರೋ, ಅಲ್ಲಿನ ಅಪಘಾತದ ವರದಿ ರಾಜ್ಯದ ಹೆದ್ದಾರಿ ಪೊಲೀಸರಾದ ಕ್ಯಾಲಿಫೋರ್ನಿಯಾ ಹೈವೇ ಪ್ಯಾಟ್ರೋಲ್‌ನದು. ಮೌಂಟ್ ಹ್ಯಾಮಿಲ್ಟನ್ ಬೆಟ್ಟದ ಮೇಲಿನ ತಿರುವುಗಳಂತೆ ಯಾವ ನಗರಕ್ಕೂ ಸೇರದ ರಸ್ತೆಗಳಲ್ಲಿ ನಡೆದ ಅಪಘಾತವೂ ಸಾಮಾನ್ಯವಾಗಿ ಅವರಿಗೇ ಸೇರುತ್ತದೆ. ಶೆರಿಫ್ ಕಿಟಕಿಯ ಮುಂದೆ ನಿಂತು ಹೈವೇ ಪ್ಯಾಟ್ರೋಲ್‌ನ ಕಾಗದ ಕೇಳಿದರೆ ಅವರು ತಾನೇ ಎಲ್ಲಿಂದ ಕೊಟ್ಟಾರು?

ದಾಖಲೆ ಯಾರದೆಂದು ತಿಳಿದ ಮೇಲೆ ಎರಡನೆಯ ಪ್ರಶ್ನೆ: ಆ ದಾಖಲೆಗೆ ನೀವು ಏನಾಗಬೇಕು? ಕಳವಾದದ್ದು ನಿಮ್ಮ ವಸ್ತುವೇ, ಅಪಘಾತವಾದದ್ದು ನಿಮ್ಮ ಕಾರಿಗೇ, ಅಥವಾ ನೀವು ಹೊರಗಿನಿಂದ ಕೇಳುತ್ತಿರುವ ಸಾರ್ವಜನಿಕರೇ? ಇಡೀ ವಿಷಯದ ಕೀಲಿ ಇರುವುದು ಇಲ್ಲಿ. ಸಂಬಂಧಪಟ್ಟವರಿಗೆ ಒಂದು ದಾರಿ, ಉಳಿದವರಿಗೆ ಇನ್ನೊಂದು.

ಒಂದು ಉದಾಹರಣೆ. ಗೆಳೆಯರೊಬ್ಬರು ಕ್ಯುಪರ್ಟಿನೊದಲ್ಲಿ ಊಟಕ್ಕೆಂದು ಕಾರು ನಿಲ್ಲಿಸಿದ್ದರು. ಹಿಂದಿನ ಕಿಟಕಿ ಪುಡಿಪುಡಿಯಾಗಿತ್ತು, ಲ್ಯಾಪ್‌ಟಾಪ್ ಚೀಲ ಇರಲಿಲ್ಲ, ಅದರೊಳಗಿದ್ದ ಭಾರತದ ಪಾಸ್‌ಪೋರ್ಟ್ ಕೂಡ ಹೋಗಿತ್ತು. ವಿಮೆಗೂ ವರದಿ ಬೇಕು, ಹೊಸ ಪಾಸ್‌ಪೋರ್ಟಿನ ಅರ್ಜಿಗೂ ಪೊಲೀಸ್ ವರದಿಯ ಪ್ರತಿ ಬೇಕು. ಇಂಥ ಕಳವಿಗೆ ಒಳಗಾದವರಿಗೆ, ಅವರು ಅಧಿಕಾರ ಕೊಟ್ಟ ಪ್ರತಿನಿಧಿಗೆ, ಅವರ ವಿಮಾ ಕಂಪನಿಗೆ ಘಟನೆಯ ವಿವರ ಕೊಡಲೇಬೇಕೆಂದು ಕ್ಯಾಲಿಫೋರ್ನಿಯಾ ಕಾನೂನು ಹೇಳುತ್ತದೆ. ಎಲ್ಲಿ, ಯಾವಾಗ, ಏನು ಹೋಯಿತು, ಸಾಕ್ಷಿಗಳು ಏನು ಹೇಳಿದರು, ಇವೆಲ್ಲ ಅದರಲ್ಲಿ ಸೇರುತ್ತವೆ. ಯಾರದಾದರೂ ಸುರಕ್ಷತೆಗೆ ಅಥವಾ ತನಿಖೆಗೆ ಧಕ್ಕೆಯಾಗುವಂತಿದ್ದರೆ ಮಾತ್ರ ತಡೆಹಿಡಿಯಬಹುದು. ಇದಕ್ಕೆ ಮಾಹಿತಿ ಹಕ್ಕಿನ ದೊಡ್ಡ ಪತ್ರ ಬರೆಯುವ ಅಗತ್ಯವಿಲ್ಲ. ಶೆರಿಫ್ ಕಚೇರಿಯ ದಾಖಲೆ ವಿಭಾಗಕ್ಕೆ ಹೋಗಿ, ಗುರುತಿನ ಚೀಟಿ ತೋರಿಸಿ, ಕೇಸ್ ಸಂಖ್ಯೆ ಕೊಟ್ಟರೆ ಕೆಲಸ ಆರಂಭವಾಗುತ್ತದೆ. ಹೊರಡುವ ಮುನ್ನ ಆ ವಿಭಾಗದ ಕೌಂಟರ್ ತೆರೆದಿರುವ ವೇಳೆ ನೋಡಿಕೊಳ್ಳಿ.

ಈ ಕೇಸ್ ಸಂಖ್ಯೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸ್ಥಳಕ್ಕೆ ಬಂದ ಡೆಪ್ಯುಟಿ, ಅಂದರೆ ಶೆರಿಫ್ ಕಚೇರಿಯ ಪೊಲೀಸ್ ಅಧಿಕಾರಿ, ಸಾಮಾನ್ಯವಾಗಿ ಒಂದು ಚಿಕ್ಕ ಕಾರ್ಡ್ ಕೊಡುತ್ತಾರೆ. ಅದರ ಮೇಲೆ ಅವರ ಹೆಸರು, ಬ್ಯಾಡ್ಜ್ ಸಂಖ್ಯೆ, ಪೆನ್ನಿನಲ್ಲಿ ಗೀಚಿದ ಇನ್ನೊಂದು ಸಂಖ್ಯೆ. ಆ ಮೂರನೆಯದು ಯಾವುದೆಂದು ಅಲ್ಲೇ ಕೇಳಿ. ನೀವು ಕರೆ ಮಾಡಿದ ಕೂಡಲೇ ಕರೆಗೊಂದು ಸಂಖ್ಯೆ ಹುಟ್ಟುತ್ತದೆ. ವರದಿ ಬರೆದರೆ ಮಾತ್ರ ಕೇಸ್ ಸಂಖ್ಯೆ ಹುಟ್ಟುತ್ತದೆ. ಪೊಲೀಸರು ಬಂದರು, ಮಾತಾಡಿದರು, ಹೋದರು ಎಂದ ಮಾತ್ರಕ್ಕೆ ವರದಿ ಇರಲೇಬೇಕೆಂದಿಲ್ಲ. "ಇದಕ್ಕೆ ವರದಿ ಬರೆಯುತ್ತೀರಾ?" ಎಂಬ ಒಂದು ಪ್ರಶ್ನೆಯನ್ನು ಡೆಪ್ಯುಟಿ ಕಾರು ಹತ್ತುವ ಮುನ್ನವೇ ಕೇಳಿಬಿಡಿ.

ಇನ್ನೊಂದು ಕಂಟಕ ನಮ್ಮ ಹೆಸರುಗಳದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರಿಗೆ ವೀಸಾದಲ್ಲಿ ಇದ್ದ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ಬಗೆ, ವಿಮೆಯಲ್ಲಿ ಮಗದೊಂದು ಬಗೆ. ಅಪ್ಪನ ಹೆಸರು, ಊರಿನ ಹೆಸರು ಎಲ್ಲಿಂದ ಎಲ್ಲಿಗೋ ಜಿಗಿದಿರುತ್ತವೆ. ದಾಖಲೆ ವಿಭಾಗದವರು ಹೆಸರು ಹಾಕಿ ಹುಡುಕಿದಾಗ ಏನೂ ಸಿಗದಿದ್ದರೆ ಆಶ್ಚರ್ಯವೇನಿಲ್ಲ. ಅರ್ಜಿಯಲ್ಲಿ ನಿಮ್ಮ ಹೆಸರಿನ ಎಲ್ಲ ರೂಪಗಳನ್ನೂ ಬರೆಯಿರಿ. ದಿನಾಂಕ, ಅಂದಾಜು ಸಮಯ, ರಸ್ತೆಯ ವಿಳಾಸವನ್ನೂ ಸೇರಿಸಿ. ವರದಿಯಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಸರಿಯಾಗಿ ನಮೂದಾಗಿದೆಯೇ ಎಂದು ಪ್ರತಿ ಕೈಗೆ ಬಂದ ಕೂಡಲೇ ನೋಡಿಕೊಳ್ಳಿ.

ಅಪಘಾತದ ವರದಿಗೆ ನಿಯಮ ಇನ್ನೂ ಬಿಗಿ. ಇಲ್ಲಿನ ವಾಹನ ಕಾನೂನಿನ ಪ್ರಕಾರ ಅದು ಗೋಪ್ಯ. ಚಾಲಕರು, ಗಾಯಗೊಂಡವರು, ಹಾನಿಗೊಂಡ ವಾಹನದ ಅಥವಾ ಆಸ್ತಿಯ ಮಾಲೀಕರು, ವಿಮೆಯವರು, ವಕೀಲರು, ಇಂಥ ಸಂಬಂಧಪಟ್ಟವರಿಗೆ ಮಾತ್ರ ಸಿಗುತ್ತದೆ. ಪಕ್ಕದ ಮನೆಯವರ ಅಪಘಾತದ ಕುತೂಹಲಕ್ಕೆ ಸಿಗುವುದಿಲ್ಲ.

ಈಗ ಹೇಳುವುದು ಕೆಲವರಿಗೆ ತುರ್ತಾಗಿ ಬೇಕಾಗಬಹುದು. ಮನೆಯೊಳಗಿನ ಹಿಂಸೆಯ ಕಾರಣಕ್ಕೆ ಪೊಲೀಸರು ಬಂದಿದ್ದರೆ, ಹಿಂಸೆಗೆ ಒಳಗಾದವರಿಗೆ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಇದು ಕ್ಯಾಲಿಫೋರ್ನಿಯಾದ ಕೌಟುಂಬಿಕ ಕಾನೂನಿನ ಸೆಕ್ಷನ್ 6228. ಪೂರ್ಣ ವರದಿಗೆ ಕೆಲಸದ 5 ದಿನ, ಸಕಾರಣವಿದ್ದರೆ 10 ದಿನ. ಮುಖಪುಟವನ್ನು ಇನ್ನೂ ಬೇಗ ಕೊಡಬೇಕು. ಲೈಂಗಿಕ ದೌರ್ಜನ್ಯ, ಬೆನ್ನಟ್ಟಿ ಕಾಡುವುದು, ವೃದ್ಧರ ಮೇಲಿನ ದೌರ್ಜನ್ಯಕ್ಕೂ ಈ ಸೆಕ್ಷನ್ ಅನ್ವಯಿಸುತ್ತದೆ. ಗಂಡನ ವೀಸಾದ ಆಸರೆಯಲ್ಲಿ ಬಂದ ಹೆಣ್ಣುಮಕ್ಕಳು "ನನ್ನ ಹೆಸರಲ್ಲಿ ಯಾವ ಕಾಗದವೂ ಇಲ್ಲ, ನನಗೆ ಕೊಡುತ್ತಾರೆಯೇ?" ಎಂದು ಕೇಳುವುದುಂಟು. ಕೊಡುತ್ತಾರೆ. ಈ ಹಕ್ಕು ವೀಸಾದಿಂದ ಬಂದದ್ದಲ್ಲ. ನೀವೇ ಹೋಗಲಾಗದಿದ್ದರೆ ನಿಮ್ಮ ಪ್ರತಿನಿಧಿ ಕೇಳಬಹುದು. ಅರ್ಜಿಯಲ್ಲಿ ಸೆಕ್ಷನ್ ಸಂಖ್ಯೆಯನ್ನು ಸ್ಪಷ್ಟವಾಗಿ ಬರೆಯಿರಿ. ಪ್ರತಿಯನ್ನು ಮನೆಯ ವಿಳಾಸಕ್ಕೆ ತರಿಸಿಕೊಳ್ಳಬೇಡಿ.

ಇನ್ನು ಹೊರಗಿನವರಾಗಿ ಕೇಳುವ ದಾರಿ. ಇಲ್ಲಿ ನಮ್ಮ ಊರಿನ ಅಭ್ಯಾಸ ತಲೆಕೆಳಗಾಗುತ್ತದೆ. 2016ರ ಸುಪ್ರೀಂ ಕೋರ್ಟ್ ಆದೇಶದ ನಂತರ ಭಾರತದಲ್ಲಿ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಎಫ್‌ಐಆರ್‌ಗಳನ್ನು ಪೊಲೀಸ್ ಜಾಲತಾಣದಲ್ಲೇ ಹಾಕಬೇಕು. ಕ್ಯಾಲಿಫೋರ್ನಿಯಾದಲ್ಲಿ ತನಿಖಾ ಕಡತಕ್ಕೆ ವಿನಾಯಿತಿ ಇದೆ, ಮೂರನೆಯವರಿಗೆ ವರದಿಯ ಪೂರ್ಣ ಪ್ರತಿ ಸಿಗುವುದು ಅಪರೂಪ. ಸಿಗುವುದು ಅದರ ಸಾರ: ಯಾರನ್ನು ಬಂಧಿಸಿದರು, ಯಾವಾಗ, ಯಾವ ಆರೋಪ, ಜಾಮೀನು ಎಷ್ಟು ಎಂಬಂಥ ವಿವರ. ಇನ್ನೊಂದು ಕಡೆ ನೋಡಿದರೆ ನಮ್ಮ 2005ರ ಮಾಹಿತಿ ಹಕ್ಕು ಕಾಯ್ದೆ ಭಾರತದ ಪ್ರಜೆಗಳಿಗೆ ಮಾತ್ರ. ಕ್ಯಾಲಿಫೋರ್ನಿಯಾ ಪೌರತ್ವವನ್ನೂ ಕೇಳುವುದಿಲ್ಲ, ಏಕೆ ಬೇಕೆಂದು ಕಾರಣವನ್ನೂ ಕೇಳುವಂತಿಲ್ಲ. ಬಂಧಿತರ ವಿಳಾಸ ಬೇಕೆಂದರೆ ಮಾತ್ರ ಉದ್ದೇಶವನ್ನು ಪ್ರಮಾಣೀಕರಿಸಿ ಹೇಳಬೇಕು. ಎಲ್ಲ ರಾಜ್ಯಗಳೂ ಇಷ್ಟು ಉದಾರವಲ್ಲ. ವರ್ಜೀನಿಯಾ ತನ್ನ ರಾಜ್ಯದವರಿಗೆ ಮಾತ್ರ ಈ ಹಕ್ಕು ಕೊಡುತ್ತದೆ, 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅರ್ಜಿ ಚಿಕ್ಕದಾಗಿರಲಿ. ತೆರೆಯ ಮೇಲೆ ನಾನು ಟೈಪ್ ಮಾಡುತ್ತಿರುವುದನ್ನು ನೋಡಿ: ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ, ಇಂಥ ರಸ್ತೆಯ ಇಂಥ ಭಾಗದಲ್ಲಿ ದಾಖಲಾದ ವಾಹನ ಕಳವುಗಳ ದಿನಾಂಕ, ಸಮಯ, ಸ್ಥಳದ ಪಟ್ಟಿ, ಪಿಡಿಎಫ್ ಅಥವಾ ಎಕ್ಸೆಲ್ ರೂಪದಲ್ಲಿ, ಇಮೇಲ್ ಮೂಲಕ. ಅಷ್ಟೇ. "ನಮ್ಮ ಬಡಾವಣೆಯ ಎಲ್ಲ ದಾಖಲೆಗಳು" ಎಂದು ಕೇಳಿದವರಿಗೆ ಸ್ಪಷ್ಟೀಕರಣ ಕೇಳುವ ಪತ್ರ ಮಾತ್ರ ಬರುತ್ತದೆ. ಕಾಗದದ ಪ್ರತಿಗೆ ನಕಲು ಮಾಡುವ ಖರ್ಚು ಕೊಡಬೇಕು, ಹುಡುಕಿದ ಶ್ರಮಕ್ಕಲ್ಲ. ಕಂಪ್ಯೂಟರಿನಿಂದ ಹೊಸದಾಗಿ ಮಾಹಿತಿ ತೆಗೆದು ಜೋಡಿಸಬೇಕಾದರೆ ಅದರ ವೆಚ್ಚ ಕೇಳಬಹುದು.

ಹತ್ತು ದಿನದಲ್ಲಿ ಸಿಗುತ್ತದೆ ಎಂಬುದು ಇನ್ನೊಂದು ತಪ್ಪು ನಂಬಿಕೆ. ಆ 10 ದಿನ ಕೊಡುತ್ತೇವೆಯೋ ಇಲ್ಲವೋ ಎಂದು ತೀರ್ಮಾನಿಸಿ ತಿಳಿಸಲು. ಬೇಕಿದ್ದರೆ ಕಾರಣ ಬರೆದು ಇನ್ನೂ 14 ದಿನ ತೆಗೆದುಕೊಳ್ಳಬಹುದು. ದಾಖಲೆ ಕೈಗೆ ಬರುವ ದಿನ ಬೇರೆಯೇ, ಅದರ ಅಂದಾಜನ್ನು ಅವರು ತಿಳಿಸಬೇಕು. ಪೊಲೀಸರು ಗುಂಡು ಹಾರಿಸಿದ ಅಥವಾ ಬಲಪ್ರಯೋಗದಿಂದ ಸಾವು ಇಲ್ಲವೇ ತೀವ್ರ ಗಾಯವಾದ ಘಟನೆಗಳ ದೃಶ್ಯ, ಧ್ವನಿಮುದ್ರಣಗಳಿಗೆ 2019ರ ಜುಲೈನಿಂದ ಪ್ರತ್ಯೇಕ ನಿಯಮ ಇದೆ. ತನಿಖೆಗೆ ಅಡ್ಡಿಯಾಗುವುದೆಂದು ತಡೆಹಿಡಿದರೂ ಮೊದಲ ಗಡುವು 45 ದಿನ.

ನಿರಾಕರಿಸಿದರೆ ಯಾವ ವಿನಾಯಿತಿಯ ಮೇಲೆ ಎಂದು ಬರಹದಲ್ಲಿ ತಿಳಿಸಲೇಬೇಕು. ನಮ್ಮಲ್ಲಿನ ಮಾಹಿತಿ ಆಯೋಗದಂಥ ಮೇಲ್ಮನವಿಯ ಮೆಟ್ಟಿಲು ಇಲ್ಲಿಲ್ಲ. ಮುಂದಿನ ಮೆಟ್ಟಿಲೇ ಸುಪೀರಿಯರ್ ಕೋರ್ಟ್, ಅಂದರೆ ಕೌಂಟಿಯ ವಿಚಾರಣಾ ನ್ಯಾಯಾಲಯ. ಗೆದ್ದರೆ ವಕೀಲರ ಶುಲ್ಕವನ್ನು ಕೌಂಟಿ ಕೊಡಬೇಕು. ಈ ಮಾತು ಕೌಂಟಿಯ ವಕೀಲರಿಗೂ ಗೊತ್ತಿರುತ್ತದೆ, ಆದ್ದರಿಂದ ಕೋರ್ಟಿಗೆ ಹೋಗುವ ಮೊದಲು ವಿನಾಯಿತಿಯನ್ನು ಪ್ರಶ್ನಿಸಿ ಒಂದು ಮರುಪತ್ರ ಬರೆದು ನೋಡುವುದು ಲೇಸು.

ಪೌರತ್ವದ ಅರ್ಜಿಗೆ ಹಳೆಯ ಬಂಧನದ ದಾಖಲೆ ಹುಡುಕುತ್ತಿರುವವರು ಶೆರಿಫ್ ಬಳಿ ಅರ್ಧ ಕಥೆಯನ್ನಷ್ಟೇ ಪಡೆಯುತ್ತಾರೆ. ಕೇಸು ಹೇಗೆ ಮುಗಿಯಿತು ಎಂಬುದರ ದೃಢೀಕೃತ ಪ್ರತಿ ಕೋರ್ಟಿನದು. ರಾಜ್ಯದ ಮಟ್ಟದ ನಿಮ್ಮ ಪೂರ್ತಿ ಇತಿಹಾಸ ಕ್ಯಾಲಿಫೋರ್ನಿಯಾ ನ್ಯಾಯ ಇಲಾಖೆಯದು, ಅದಕ್ಕೆ ಬೆರಳಚ್ಚು ಕೊಡಬೇಕು. ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಕೊನೆಗೆ, 911 ತುರ್ತು ಕರೆಯ ಧ್ವನಿಮುದ್ರಣ ಬೇಕಿದ್ದವರಿಗೆ. ಸಾಂಟಾ ಕ್ಲಾರಾ ಕೌಂಟಿಯಲ್ಲಿ ಶೆರಿಫ್‌ಗೆ ಬರುವ ಕರೆಗಳನ್ನು ನಿಭಾಯಿಸುವುದು ಕೌಂಟಿ ಕಮ್ಯುನಿಕೇಷನ್ಸ್ ಎಂಬ ಪ್ರತ್ಯೇಕ ಇಲಾಖೆ; ಅರ್ಜಿ ಹೋಗಬೇಕಾದದ್ದು ಅಲ್ಲಿಗೆ. ಕೌಂಟಿಗಳು ಇಂಥ ಧ್ವನಿಮುದ್ರಣಗಳನ್ನು 100 ದಿನಗಳ ನಂತರ ಅಳಿಸಲು ರಾಜ್ಯದ ಕಾನೂನು ಅವಕಾಶ ಕೊಡುತ್ತದೆ. ವರದಿಯ ಪ್ರತಿ ಬರಲಿ, ಆಮೇಲೆ ಇದನ್ನು ಕೇಳೋಣ ಎಂದು ಕಾಯಬೇಡಿ. ಎರಡು ಅರ್ಜಿಗಳನ್ನೂ ಒಂದೇ ದಿನ ಕಳುಹಿಸಿ. ಧ್ವನಿಮುದ್ರಣದ ಅರ್ಜಿಯಲ್ಲಿ, ಇದು ಇತ್ಯರ್ಥವಾಗುವವರೆಗೆ ಮುದ್ರಣವನ್ನು ಅಳಿಸದೆ ಉಳಿಸಿಕೊಳ್ಳಿ ಎಂಬ ಒಂದು ಸಾಲನ್ನೂ ಬರೆಯಿರಿ.